ಸರೋಜತ್ತೆ ಆಕಾಶ ಎತ್ತುತ್ತಿದ್ದ ತಾರಸಿ

ನೀಲಗಿರಿ ಎಣ್ಣೆಯ ವಾಸನೆ ಎಲ್ಲಿಂದ ತೇಲಿ ಬಂದರೂ ನಾನು ಶಂಕರಪುರದ ನಮ್ಮ ಹಳೆಯ ಮನೆಯ ನಡುಮನೆಗೆ ಹೋಗಿಬಿಡುತ್ತೇನೆ. ಕೆಂಪು ಗಾರೆ ನೆಲ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಅದರ ಮುಂದೆ ಹಬೆಯಾಡುವ ಹಿತ್ತಾಳೆ ಪಾತ್ರೆ, ಪಾತ್ರೆಯ ಮೇಲೆ ಬಾಗಿ ತಲೆತುಂಬ ಟವೆಲ್ ಹೊದ್ದು ಕೂತ ಸರೋಜತ್ತೆ. ಅವಳು ನನ್ನ ಅಪ್ಪನ ತಂಗಿ. ಎಪ್ಪತ್ತರ ದಶಕದ ನಡುವಿನ ಮಾತು, ನನಗಾಗ ಒಂಬತ್ತು ವರ್ಷ. ಟವೆಲಿನ ಒಳಗಿಂದ ಬರುತ್ತಿದ್ದ ಅವಳ ಉಸಿರಿನ ಸುಯ್ಲು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅದು ಜೋರಾದಾಗ ಅಮ್ಮ ಒಗ್ಗರಣೆ ಹಾಕುವುದನ್ನು ನಿಲ್ಲಿಸುತ್ತಿದ್ದಳು, ತಾತ ಪೇಪರ್ ಮಡಚಿಡುತ್ತಿದ್ದರು. ಉಬ್ಬಸದ ಹುಡುಗಿ ಎಂದು ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ, ಮೂವತ್ತೈದು ದಾಟಿದ ಅತ್ತೆಗೆ ತನ್ನದು ಎಂದು ಉಳಿದಿದ್ದದ್ದು ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಗಿರಿ ಒಂದೇ. ನಾನೂ ಅದೇ ಶಾಲೆಯಲ್ಲಿ, ಅವಳ ತರಗತಿಯಲ್ಲೇ ಓದುತ್ತಿದ್ದೆ.

ಆ ತರಗತಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬಂದ ಮೇಲೆ ಅತ್ತೆ ಹತ್ತು ನಿಮಿಷ ಮಾತಾಡಲಾರದೆ ಮೇಜು ಹಿಡಿದು ನಿಂತಿರುತ್ತಿದ್ದಳು. ಬೇಸಿಗೆ ರಜೆಗೆ ಮುಂಚೆ ಹೆಡ್ ಮಿಸ್ ಅವಳನ್ನು ಕರೆದು, "ಕೆಳಗೆ ಕೊಡೋಕೆ ರೂಮಿಲ್ಲ ಸರೋಜ. ಜೂನಲ್ಲೂ ಹೀಗೇ ಆದ್ರೆ ನೀವೇ ಒಂದು ಯೋಚನೆ ಮಾಡಿ," ಎಂದರು. ಮನೆಗೆ ಬಂದು ಹೇಳಿದಾಗ ತಾತನಿಗೆ ಯೋಚನೆಯ ಅಗತ್ಯವೇ ಕಾಣಲಿಲ್ಲ. "ರಾಜೀನಾಮೆ ಬರೆದುಕೊಟ್ಟು ಮನೇಲಿ ಆರಾಮಾಗಿ ಕೂತ್ಕೊಮ್ಮ. ಇಲ್ಲಿ ನಿನಗೇನು ಕಮ್ಮಿ?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಅತ್ತೆ ಆ ದಿನ ಊಟ ಮಾಡಲಿಲ್ಲ.

ಆ ರಜೆಯಲ್ಲೇ ಅವಳಿಗೆ ಹಲ್ಲುನೋವು ಬಂತು. ದಂಡುಪ್ರದೇಶದ ಕಡೆ ಒಬ್ಬ ಚೀನೀ ಹಲ್ಲಿನ ಡಾಕ್ಟರಿದ್ದರು. ಎರಡು ತಲೆಮಾರಿನಿಂದ ಬೆಂಗಳೂರಿನಲ್ಲೇ ನೆಲೆಸಿದ ಕುಟುಂಬ. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸಿಳಿದು ಬಿಸಿಲಲ್ಲಿ ನಡೆದದ್ದಕ್ಕೋ, ಹಲ್ಲು ಕೀಳುವ ಹೆದರಿಕೆಗೋ, ಕಾಯುವ ಕೋಣೆಯಲ್ಲಿ ಉಬ್ಬಸ ಶುರುವಾಯಿತು. ಯಾರೋ ಕುರ್ಚಿ ಎಳೆದರು, ಯಾರೋ ನೀರು ತಂದರು. ಆಗ ಒಳಗಿನಿಂದ ಡಾಕ್ಟರ ತಾಯಿ ಬಂದರು. ನನ್ನಷ್ಟೇ ಎತ್ತರದ, ಬೆಳ್ಳಗಿನ ಕೂದಲನ್ನು ಗಂಟು ಹಾಕಿಕೊಂಡ ಅಜ್ಜಿ. ಅತ್ತೆಯ ಎರಡೂ ಕೈ ಹಿಡಿದು ಮೆಲ್ಲಗೆ ನಿಲ್ಲಿಸಿದರು. "ಓಡಬೇಡಮ್ಮ," ಎಂದರು, ಅರ್ಧ ಕನ್ನಡ ಅರ್ಧ ತಮಿಳಿನ ಧಾಟಿಯಲ್ಲಿ. "ಉಸಿರು ಹಿಂದೆ ಓಡಬೇಡ. ಸುಮ್ನೆ ನಿಲ್ಲು. ಅದೇ ಬರುತ್ತೆ." ಅತ್ತೆಯ ಭುಜಗಳ ಮೇಲೆ ಕೈಯಿಟ್ಟು ಕೆಳಗೆ ಇಳಿಸಿದರು. ಬಹಳ ಹೊತ್ತು ಹಾಗೇ ನಿಂತರು, ಎದುರುಬದುರಾಗಿ. ಉಬ್ಬಸ ನಿಧಾನವಾಗಿ ತಗ್ಗಿತು.

ಮುಂದಿನ ಎರಡು ತಿಂಗಳು ಪ್ರತಿ ಶನಿವಾರ ನಾವಿಬ್ಬರೂ ಆ ಮನೆಗೆ ಹೋದೆವು. ಅಜ್ಜಿ ತಮ್ಮ ಈ ಉಸಿರಿನ ವಿದ್ಯೆಗೆ ಛೀ ಗಾಂಗ್ ಎನ್ನುತ್ತಿದ್ದರು. ಮೊದಲ ಎರಡು ವಾರ ಕಲಿಸಿದ್ದು ನಿಲ್ಲುವುದನ್ನು ಮಾತ್ರ: ಪಾದಗಳು ಭುಜದಷ್ಟು ದೂರ, ಮೊಣಕಾಲು ಸ್ವಲ್ಪ ಸಡಿಲ, ನೀರಿನ ಹಂಡೆಯನ್ನು ತಬ್ಬಿಕೊಂಡ ಹಾಗೆ ತೋಳು, ನಾಲಗೆಯ ತುದಿ ಅಂಗುಳಕ್ಕೆ ತಾಗಿ. ಉಸಿರು ಎದೆಯಲ್ಲಿ ನಿಲ್ಲದೆ ಹೊಕ್ಕುಳ ಕೆಳಗಿನವರೆಗೆ ಇಳಿಯಬೇಕು, ಆದರೆ ಅದನ್ನು ತಳ್ಳಬಾರದು. ಆಮೇಲೆ ಎರಡು ಅಂಗೈಗಳನ್ನು ಮೇಲಕ್ಕೆ ಚಾಚಿ ಆಕಾಶ ಎತ್ತುವುದು. ಕಾಣದ ಬಿಲ್ಲನ್ನು ಎಡಕ್ಕೂ ಬಲಕ್ಕೂ ಎಳೆಯುವುದು. "ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡ," ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದರು. "ಇದು ಮಾತ್ರೆ ಅಲ್ಲ. ಇದು ದಿನಾ."

ಅತ್ತೆ ದಿನಾ ಮಾಡಿದಳು. ಬೆಳಗಿನ ಆರು ಗಂಟೆಗೆ, ಕಾಫಿ ಬೀಜ ಹುರಿಯುವ ಕಂಪು ಬೀದಿಯಿಂದ ಏರಿಬರುವ ಹೊತ್ತಿಗೆ, ಸೆರಗು ಸಿಕ್ಕಿಸಿಕೊಂಡು ತಾರಸಿಯ ಮೇಲೆ ನಿಲ್ಲುತ್ತಿದ್ದಳು. ಪಕ್ಕದಲ್ಲಿ ನಾನು. ಅಕ್ಕಪಕ್ಕದ ತಾರಸಿಗಳಲ್ಲಿ ಬಟ್ಟೆ ಹರವಲು ಬಂದವರು ಬಟ್ಟೆ ಮರೆತು ನೋಡುತ್ತಿದ್ದರು. ಸುದ್ದಿ ತಾತನ ಕಿವಿಗೆ ಬಿತ್ತು. "ಹೆಸರಲ್ಲೇ ಛೀ ಇದೆ!" ಎಂದು ರೇಗಿದರು. "ಯೋಗಾಸನ ಹುಟ್ಟಿದ ದೇಶದಲ್ಲಿ ಹುಟ್ಟಿ ಚೀನಾದವರ ಹತ್ರ ಪಾಠವೇ?" ಎದುರು ಮಾತಾಡಿ ಅಭ್ಯಾಸವಿಲ್ಲದ ಅತ್ತೆ ಅಂದು ಮಾತಾಡಿದಳು. "ಅವರೂ ಇದೇ ಊರಿನೋರು ಅಪ್ಪ. ನನಗೆ ಉಸಿರು ಕಟ್ಟಿದಾಗ ನೀವೆಲ್ಲ ಕುರ್ಚಿ ತೋರಿಸಿದ್ರಿ. ಅವರೊಬ್ಬರೇ ನಿಲ್ಲು ಅಂದಿದ್ದು." ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ಮುಂದಿನ ತರಗತಿಗೂ ಅತ್ತೆಯೇ ನಮ್ಮ ಮಿಸ್, ಅದೇ ಎರಡನೆಯ ಮಹಡಿ. ಮೊದಲ ದಿನ ನಾವು ನಲವತ್ತು ಹುಡುಗಿಯರು ಅತ್ತೆಯ ಹಿಂದೆ ಸಾಲಾಗಿ ಮೆಟ್ಟಿಲು ಹತ್ತುತ್ತಿದ್ದೆವು. ಮೊದಲ ಮಹಡಿ ದಾಟಿದ ಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ಆ ಸುಯ್ಲು ಕೇಳಿಸಿತು. ಮೇಲೆ, ಮೆಟ್ಟಿಲ ತುದಿಯಲ್ಲಿ, ಹೆಡ್ ಮಿಸ್ ನಿಂತು ನೋಡುತ್ತಿದ್ದರು. ಅತ್ತೆ ಹಾಜರಿ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟಳು. ಗೋಡೆ ಹಿಡಿಯಲಿಲ್ಲ. ಪಾದ ಊರಿ, ಭುಜ ಇಳಿಸಿ, ಕಣ್ಣು ಅರೆಮುಚ್ಚಿ ನಿಂತಳು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅತ್ತೆ ಬಗ್ಗಿ ಪುಸ್ತಕ ಎತ್ತಿಕೊಂಡು, ಅವಸರವಿಲ್ಲದೆ ಉಳಿದ ಮೆಟ್ಟಿಲು ಹತ್ತಿ, "ನಮಸ್ಕಾರ ಮಿಸ್," ಎಂದಳು. ಧ್ವನಿ ಒಡೆಯಲಿಲ್ಲ. ಒಳಗೆ ಹೋಗಿ ನೇರವಾಗಿ ಹಾಜರಿ ಕರೆದಳು. ನನ್ನ ಹೆಸರು ಬಂದಾಗ ನಾನು ಕೂಗಿದ "ಪ್ರೆಸೆಂಟ್ ಮಿಸ್" ಇಡೀ ಮಹಡಿಗೆ ಕೇಳಿಸಿರಬೇಕು.

ಆ ವರ್ಷದ ದಸರಾ ರಜೆ ಮುಗಿಯುವ ಹೊತ್ತಿಗೆ ಹೆಡ್ ಮಿಸ್ಸೇ ಕೇಳಿದರು: "ಡ್ರಿಲ್ ಪೀರಿಯಡ್‌ನಲ್ಲಿ ಮಕ್ಕಳಿಗೂ ಅದನ್ನ ಹೇಳ್ಕೊಡ್ತೀರಾ?" ಒಂದು ಶುಕ್ರವಾರ ಶಾಲೆಯ ಅಂಗಳದಲ್ಲಿ ಇನ್ನೂರು ಹುಡುಗಿಯರು ಒಟ್ಟಿಗೆ ಆಕಾಶ ಎತ್ತುತ್ತಿದ್ದಾಗ, ಗೇಟಿನಾಚೆ ಕೊಡೆ ಊರಿಕೊಂಡು ನಿಂತ ತಾತನನ್ನು ನಾನು ಕಂಡೆ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಸಂಜೆ ಕಾಫಿ ಕುಡಿಯುತ್ತ, "ಸರೋಜ, ಮೂರನೇ ಸಾಲು ಸ್ವಲ್ಪ ಸೊಟ್ಟಗಿತ್ತು," ಎಂದರು. ಅತ್ತೆ ನಕ್ಕಳು, ಅಷ್ಟು ಉದ್ದನೆಯ ನಗು, ನಡುವೆ ಉಸಿರು ತಪ್ಪದೆ. ಮುಂದಿನ ವರ್ಷದ ಗೌರಿ ಹಬ್ಬಕ್ಕೆ ಆ ಚೀನೀ ಅಜ್ಜಿ ನಮ್ಮ ಮನೆಗೆ ಬಂದಾಗ, "ಬನ್ನಿ ತಾಯಿ," ಎಂದು ಬಾಗಿಲಿಗೆ ಹೋದವರು ತಾತನೇ. ಅತ್ತೆ ಅವರಿಗೆ ಮೊರದ ಬಾಗಿನ ಕೊಟ್ಟು ಕಾಲಿಗೆ ನಮಸ್ಕರಿಸಿದಳು.

ಎಂಬತ್ತರ ದಶಕದ ಮೊದಲಲ್ಲಿ ಡಾಕ್ಟರ ಮನೆಯವರೆಲ್ಲ ಕೆನಡಾಕ್ಕೆ ಹೊರಟರು. ಬೀಳ್ಕೊಡಲು ಹೋದಾಗ ಅತ್ತೆ ಚಿಕ್ಕ ಹುಡುಗಿಯಂತೆ ಕೇಳಿದಳು: "ಇನ್ಮೇಲೆ ತಪ್ಪಾದ್ರೆ ಯಾರು ತಿದ್ತಾರೆ?" ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. "ಇವಳು." ನನಗಾಗ ಹದಿನಾರು. ಅಷ್ಟು ದೊಡ್ಡ ಪದವಿ ನನಗೆ ಮತ್ತೆ ಸಿಕ್ಕಿಲ್ಲ.

ತಾತ ಹೋದರು, ಪಾಲಾಯಿತು, ಮನೆ ಉರುಳಿತು. ಆ ತಾರಸಿ ಇದ್ದ ಎತ್ತರದಲ್ಲಿ ಈಗ ಯಾರದೋ ಮಲಗುವ ಕೋಣೆಯಿದೆ. ಅತ್ತೆಯ ಉಬ್ಬಸ ಪೂರ್ತಿ ವಾಸಿಯಾಗಲಿಲ್ಲ. ಆದರೆ ನಿವೃತ್ತಿಯ ದಿನದವರೆಗೂ ಅವಳು ಎರಡನೆಯ ಮಹಡಿಯಲ್ಲೇ ಪಾಠ ಮಾಡಿದಳು. ಅವಳ ಬದುಕಿನ ಕೊನೆಯ ವರ್ಷ ನನ್ನ ಮನೆಯ ಪುಟ್ಟ ಬಾಲ್ಕನಿಯಲ್ಲಿ ನಾವಿಬ್ಬರೂ ಬೆಳಿಗ್ಗೆ ನಿಲ್ಲುತ್ತಿದ್ದೆವು. ಅವಳ ಎಡಭುಜ ದಿನದಿಂದ ದಿನಕ್ಕೆ ತುಸು ವಾಲುತ್ತಿತ್ತು. "ಸರಿಯಾಗಿದೆಯೇನೆ?" ಎಂದು ಕೇಳುತ್ತಿದ್ದಳು. ತಿದ್ದುವುದು ನನ್ನ ಕೆಲಸವಾಗಿತ್ತು. ನಾನು "ಸರಿಯಾಗಿದೆ ಅತ್ತೆ" ಎಂದು, ಅವಳ ಪಕ್ಕದಲ್ಲಿ ನನ್ನ ಎಡಭುಜವನ್ನೂ ಅಷ್ಟೇ ಇಳಿಸಿ ನಿಲ್ಲುತ್ತಿದ್ದೆ.