ಐಲಿಯ ಎರಡನೆಯ ಬಿಲ್ಲು, ಮೂರನೆಯ ಬಿಲ್ಲು

ಐಲಿ ಮಾಕೆಲಾ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಊರೊಂದರ ಶಾಲೆಯಲ್ಲಿ ಅಡುಗೆಯವಳು. ಎಲೆ ಕೆಂಪಾಗುತ್ತಿದ್ದಂತೆ ಜಿಂಕೆ ಬೇಟೆಗೆ ಹೊರಡುತ್ತಿದ್ದಳು, ಅದೂ ಬಿಲ್ಲು ಹಿಡಿದು. ಗಂಡ ವೆಯ್ಕೊಗೆ ಬಂದೂಕೇ ಸಾಕು. ಅವಳ ಬಿಲ್ಲು ಅವರ ಮದುವೆಗಿಂತ ಹಳೆಯದು: ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ, ತುದಿಗಳು ಮುಂದಕ್ಕೆ ಬಾಗಿದ, ಬಿಚ್ಚಿ ಜೋಡಿಸಲಾಗದ ಒಂದೇ ತುಂಡಿನ ರಿಕರ್ವ್ ಜಾತಿಯದು.

ಒಂದು ಸೆಪ್ಟೆಂಬರ್‌ನಲ್ಲಿ ಹಿತ್ತಲಿನ ಹುಲ್ಲಿನ ಪೆಂಡಿಗೆ ಗುರಿಯಿಟ್ಟು ಹೆದೆ ಎಳೆದಾಗ ಬಿಲ್ಲು ಟಿಕ್ಕೆಂದಿತು. ಅವಳು ಬಾಣ ಬಿಡಲಿಲ್ಲ. ಮೆಲ್ಲಗೆ ಹೆದೆ ಸಡಿಲಿಸಿ, ಬಿಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಗಂಡನ ಜೊತೆ ಬಿಲ್ಲು ಮಾಡುವ ಓರ್ವಿಲ್‌ನ ಕೆಲಸದ ಕೊಟ್ಟಿಗೆಗೆ ಹೋದಳು.

ಎಪ್ಪತ್ತು ದಾಟಿದ ಓರ್ವಿಲ್ ಹತ್ತಿಯ ಉಂಡೆಯನ್ನು ಬಿಲ್ಲಿನ ಅಂಚಿಗುಂಟ ಸವರಿದ. ಹಿಡಿಯ ಕೆಳಗೆ, ಬಿಲ್ಲಿನ ಕೆಳತೋಳಿನಲ್ಲಿ, ಕಣ್ಣಿಗೆ ಕಾಣದ ಬಿರುಕಿಗೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತು.

"ಅಂಟು ಬಿಡ್ತಿದೆ ಕಣಮ್ಮ. ಇದನ್ನ ಗೋಡೆಗೆ ತಗಲಾಕು."

"ರಿಪೇರಿ ಆಗಲ್ವಾ?"

"ಮಾಡ್ಬೋದು. ಆದ್ರೆ ಒಂದಿನ ಎಳೆಯೋವಾಗ ನಿನ್ನ ಮುಖದ ಮುಂದೆ ಮುರಿಯುತ್ತೆ. ಆಮೇಲೆ ವೆಯ್ಕೊ ನನ್ನ ಬೈತಾನೆ."

"ನಾನ್ಯಾಕೆ ಬೈಲಿ," ಎಂದ ಬಾಗಿಲಲ್ಲಿ ನಿಂತಿದ್ದ ವೆಯ್ಕೊ. "ಮನೇಲಿ ಸ್ವಲ್ಪ ದಿನ ಮಾತು ಕಮ್ಮಿ ಆಗುತ್ತೆ."

ಓರ್ವಿಲ್ ಎರಡು ಬಿಲ್ಲು ತಂದಿಟ್ಟ. ಒಂದು ಅವಳದರಷ್ಟೇ ಹಳೆಯದು. ತೀರಿಕೊಂಡ ಬೇಟೆಗಾರನೊಬ್ಬನ ಮನೆಯಿಂದ ಬಂದದ್ದು, ಹೆಚ್ಚು ಬಳಸಿರಲಿಲ್ಲ. ಇನ್ನೊಂದು ಅವನೇ ಆಗಷ್ಟೇ ಮಾಡಿದ್ದು. ನಡುವಿನ ಹಿಡಿಗೆ ಎರಡು ತೋಳುಗಳನ್ನು ಬೋಲ್ಟ್ ಹಾಕಿ ಬಿಗಿಯುವಂಥದ್ದು. ಐಲಿ ಎರಡರಲ್ಲೂ ಬಾಣ ಬಿಟ್ಟು ನೋಡಿದಳು. ಹಳೆಯದು ಸದ್ದೇ ಮಾಡಲಿಲ್ಲ. ಹೊಸದು ಕೈಗೆ ಭಾರವೆನಿಸಿತು.

"ಇದೇನಿದು, ನಲ್ಲಿ ರಿಪೇರಿಯವನ ಸಾಮಾನಿನ ಥರ ಇದೆ."

"ಇರ್ಲಿ. ಒಂದು ತೋಳು ಹೋದ್ರೆ ಬೇರೆ ಹಾಕ್ಕೋಬೋದು. ಹಳೇದು ಹೋದ್ರೆ ಪೂರ್ತಿ ಹೋಗುತ್ತೆ."

"ನೀವು ಹೋದ್ಮೇಲೆ ತೋಳು ಮಾಡ್ಕೊಡೋರು ಯಾರು?"

"ಯಾರಾದ್ರೂ ಮಾಡ್ತಾರೆ. ಎಲ್ರೂ ಇಡೋ ಅಳತೇನೇ ಇಟ್ಟಿದೀನಿ."

ಅವಳು ಹಳೆಯದನ್ನೇ ಆರಿಸಿಕೊಂಡಳು. ಈಗಿನ ಗಟ್ಟಿ ಹೆದೆ ಹಾಕಿದರೆ ತುದಿ ಸೀಳುತ್ತದೆ, ಬಿಸಿಲಿನ ಕಾರಿನಲ್ಲಿ ಬಿಟ್ಟರೆ ಅಂಟು ಕರಗುತ್ತದೆ ಎಂದು ಓರ್ವಿಲ್ ಹೇಳಿ ಕಳಿಸಿದ. ಅವಳು ಎರಡನ್ನೂ ಪಾಲಿಸಿದಳು. ಆದರೆ ವೆಯ್ಕೊ ಒಮ್ಮೆ, ಉಪಕಾರ ಮಾಡುವೆನೆಂದು, ಬಿಲ್ಲನ್ನು ಕಾಲಸಂದಿಯಲ್ಲಿ ಸಿಕ್ಕಿಸಿ ಹೆದೆ ಏರಿಸಿದ. ಬಿಲ್ಲಿನ ಮೇಲಿನ ತೋಳು ತಿರುಚಿಕೊಂಡಿತು. ಐಲಿ ಬೈಯಲಿಲ್ಲ. ಆ ರಾತ್ರಿ ಅವನ ತಟ್ಟೆಗೆ ಬರೀ ಬೇಯಿಸಿದ ಟರ್ನಿಪ್ ಗೆಡ್ಡೆ ಬಿತ್ತು. ಮರುದಿನ ಆ ತೋಳಿಗೆ ಅಂಟು ಕರಗದಷ್ಟು ಬಿಸಿಯ ನೀರು ಸುರಿದು, ಎದುರು ದಿಕ್ಕಿಗೆ ತಿರುಚಿ ಹಿಡಿದು ತಣಿಸಿದಳು. ಮತ್ತೆ ಮತ್ತೆ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಕೆಲವು ವರ್ಷ ಆ ಬಿಲ್ಲು ಚೆನ್ನಾಗಿಯೇ ನಡೆಯಿತು. ಸೋತದ್ದು ಅವಳ ಭುಜ. ಶಾಲೆಯ ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ಕೀಲು ಸವೆದಿತ್ತು. ಆಪರೇಷನ್ ಆದ ಮೇಲೆ ಹೆದೆ ಗಲ್ಲದವರೆಗೆ ಬರಲೇ ಇಲ್ಲ. ಹಿತ್ತಲಲ್ಲಿ ಒಂದಷ್ಟು ಹೊತ್ತು ಹೆಣಗಾಡಿ ಒಳಬಂದು ಕೂತಳು.

"ಬಂದೂಕು ಕೊಡ್ಲಾ?" ವೆಯ್ಕೊ ಕೇಳಿದ.

"ಸುಮ್ನಿರು."

ಅಷ್ಟರಲ್ಲಿ ಓರ್ವಿಲ್ ಕೈನಡುಕ ಬಂದು ಕೆಲಸ ಬಿಟ್ಟಿದ್ದ. ಅವಳು ಅಂದು ಬೇಡವೆಂದ ಬಿಲ್ಲು ಯಾರಿಗೋ ಹೋಗಿತ್ತು. ಅವನ ಕೊಟ್ಟಿಗೆಯಲ್ಲಿ ಅದೇ ಬಗೆಯ ಒಂದು ಹಿಡಿ ಮಾತ್ರ, ತೋಳಿಲ್ಲದೆ, ಮೊಳೆಗೆ ನೇತಾಡುತ್ತಿತ್ತು. ಐಲಿ ಕೇಳಿದ್ದಕ್ಕೆ ವಿಸ್ಕಾನ್ಸಿನ್ ರಾಜ್ಯದ ಬಿಲ್ಲು ಮಾಡುವವನೊಬ್ಬ ಎಳೆಯಲು ಹಗುರಾದ ತೋಳುಗಳನ್ನು ಕಳಿಸಿದ. ಅವು ಸಲೀಸಾಗಿ ಕೂತವು. ಓರ್ವಿಲ್ ಬೋಲ್ಟನ್ನು ಅವಳ ಕೈಯಲ್ಲೇ ಬಿಗಿಸಿದ.

ಓರ್ವಿಲ್ ಕೊಟ್ಟಿದ್ದ ಹಳೆಯ ಬಿಲ್ಲನ್ನು ಅವಳು ಶಾಲೆಯ ಬಸ್ಸು ಓಡಿಸುವ ಡಾರ್ಲಾಗೆ ಕೊಟ್ಟಳು. ಡಾರ್ಲಾ ಅದನ್ನು ಒಂದೇ ಎಳೆತಕ್ಕೆ ಗಲ್ಲಕ್ಕೆ ತಂದಾಗ ಐಲಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಎಳೆತ ಹಗುರಾದ ಬಿಲ್ಲಿನ ಬಾಣ ದೂರದ ಜಿಂಕೆಗೆ ಸಾಲದು. ಅವಳು ಸೀಡರ್ ಮರಗಳ ನಡುವೆ ಜಿಂಕೆ ನಡೆವ ದಾರಿಗೆ ಇನ್ನೂ ಹತ್ತಿರದ ಜಾಗ ಹುಡುಕಿ ಕೂರತೊಡಗಿದಳು. ಅಕ್ಟೋಬರ್ ಕೊನೆಯಲ್ಲಿ ಒಂದು ಹೆಣ್ಣು ಜಿಂಕೆ ಅವಳ ಮುಂದೆಯೇ ಬಂದು ನಿಂತಿತು. ಅದರ ಮಾಂಸ ಇಬ್ಬರಿಗೂ ಹಿಮ ಕರಗುವ ತನಕ ಬಂತು.