ಬಳೆ, ಬಾಳೆ ಮತ್ತು ಧನಪಾಲ್ ಸರ್

ನನಗೆ ಮದುವೆಯಾಯಿತು, ಫ್ರೆಂಡ್ಸ್...
ಶರಣು ಜೊತೆಗೆ. ನೀವೆಲ್ಲ ಅಂದುಕೊಂಡಿದ್ದ ಅದೇ ಶರಣು.

ಇದನ್ನು ಫೋಟೊ ಸಮೇತ ಹಾಕಬೇಕು ಅಂತಲೇ ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡೆ.
ನಮ್ಮ ಹಾಡಿನ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಧನಪಾಲ್ ಸರ್ ಫೋಟೊ ಇತ್ತು.
ಹಾರ ಹಾಕಿದ ಫೋಟೊ...
ಯಾರೋ ತಮಾಷೆಗೆ ಎಡಿಟ್ ಮಾಡಿದ್ದಾರೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಸರ್ ನಂಬರಿಗೇ ಫೋನ್ ಮಾಡಿದೆ. ಅವರ ತಂಗಿ ಎತ್ತಿದರು.
"ಅಣ್ಣ ಹೋಗ್ಬಿಟ್ರಮ್ಮ. ಬೆಳಗಿನ ಜಾವ... ಹಾರ್ಟ್. ಸಂಜೆ ಕಲ್ಪಳ್ಳಿ ಸ್ಮಶಾನಕ್ಕೆ ತಗೊಂಡ್ಹೋಗ್ತೀವಿ."
ನಾನು "ಸರಿ ಆಂಟಿ" ಅಂದೆ.

ನಾನಿರುವುದು ಯಾದಗಿರಿ ಹತ್ತಿರದ ಊರಿನಲ್ಲಿ, ಗಂಡನ ಮನೆಯಲ್ಲಿ.
ಸಂಜೆಯೊಳಗೆ ಬೆಂಗಳೂರು ಸೇರುವ ದಾರಿಯೇ ಇಲ್ಲ...

ಸರ್ ಯಾರು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹಲಸೂರಿನಲ್ಲಿ ಒಂದು ಟೈಲರ್ ಅಂಗಡಿ, ಅದರ ಮೇಲೊಂದು ರೂಮು. ಒಂದು ಹಾರ್ಮೋನಿಯಂ, ನೆಲಕ್ಕೆ ಚಾಪೆ.
ಭಾನುವಾರ ಬಂತೆಂದರೆ ಅಲ್ಲಿ ಏನೂ ಬಾರದವರಿಗೆ ಹಾಡು ಬರೆಯುವುದು, ಟ್ಯೂನ್ ಹಾಕುವುದು ಹೇಳಿಕೊಡುತ್ತಿದ್ದರು.
ರಸೆಲ್ ಮಾರ್ಕೆಟ್ಟಿನಲ್ಲಿ ಹೂ ಮಾರುವ ಸೆಲ್ವಿ ಅಕ್ಕ, ಮಾರತ್ತಹಳ್ಳಿಯ ಆಫೀಸಿನಿಂದ ನಾನು, ಕೆ.ಆರ್. ಪುರದಿಂದ ಎಲೆಕ್ಟ್ರಿಷಿಯನ್ ಶರಣು...
ಸರ್ ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು. ಹಾಡಿಗೆ ಮಾತ್ರ ಕನ್ನಡ.

ಅವರ ಕ್ಲಾಸಿನಲ್ಲಿ ಮೊದಲು ಟ್ಯೂನ್. ಅದಕ್ಕೆ ಮಾತು ಬೇಡ, ತರಕಾರಿ ಸಾಕು.
"ತರಕಾರಿ ಹಾಕು ಗುರು, ಕವಿತೆ ಆಮೇಲೆ."
ರಾಗ ಎಳೆಯುವ ಕಡೆ ಬಾಳೆ, ಸೋರೆ. ಚುಟುಕಾಗಿ ಮುಗಿಯುವ ಕಡೆ ಅವರೆ, ಬದನೆ.
ಎಲ್ಲ ಸರಿಯಾಗಿ ಕೂತ ಮೇಲೆ ಒಂದೊಂದೇ ತರಕಾರಿ ತೆಗೆದು, ಅದೇ ಅಳತೆಯ ನಮ್ಮ ಮಾತು ಇಡಬೇಕು.

ನಾನು ಇಂಗ್ಲಿಷ್ ಮೀಡಿಯಂ. ಕನ್ನಡ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆ.
ಮದುವೆಯ ಹಾಡೊಂದರಲ್ಲಿ 'ಬಾಳೆ' ತೆಗೆದು 'ಬಳೆ' ಇಟ್ಟೆ. ಎರಡಕ್ಕೂ ಒಂದೇ ಸ್ಪೆಲ್ಲಿಂಗ್ ತಾನೇ...
ಕೈ ತುಂಬ ಹಸಿರು ಬಳೆ ಅಂತ ಬರೆದದ್ದು, ಕೈ ತುಂಬ ಹಸಿರು ಬಾಳೆ ಅಂತ ಬಾಯಿಂದ ಬಂತು.

ಸರ್ ಹಾರ್ಮೋನಿಯಂ ನಿಲ್ಲಿಸಿದರು.
"ಏನಮ್ಮ ಇದು, ಮದುಮಗಳ ಕೈ ತುಂಬಾ ಬಾಳೆಕಾಯಿ? ಬಜ್ಜಿ ಹಾಕ್ತೀಯಾ?"
"ಸರ್, ನಮ್ ಕಡಿ ಗೊನಿ ಸಮೇತ ಕೊಡ್ತಾರ್ರೀ" ಅಂದ ಶರಣು.
"ನೀನು ಸುಮ್ನಿರು ಮಗಾ. ಆ ಗೊನೆ ಹೊರೋನು ನೀನೇ ಆಗ್ತೀಯ."
ಶರಣು ತಲೆ ತಗ್ಗಿಸಿದ. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ಮೆತ್ತಗೆ ಹೇಳಿದರು.
"ಟ್ಯೂನ್ ಕೇಳ್ತು ಅಂತ ಅಕ್ಷರ ಎಳೀಬೇಡಮ್ಮ, ಬೇರೆ ಮಾತಾಗುತ್ತೆ. ಆ ಮಾತೇ ಬೇಕು ಅಂದ್ರೆ ಟ್ಯೂನನ್ನ ಬಗ್ಗಿಸು."
ಅವತ್ತಿನಿಂದ ಕನ್ನಡ ಅಕ್ಷರದಲ್ಲೇ ಬರೆಸಿದರು. ಇದನ್ನೂ ಹಾಗೇ ಟೈಪ್ ಮಾಡುತ್ತಿದ್ದೇನೆ...

ಸರ್...
ಆ ಹಾಡನ್ನು ಮದುವೆಯಲ್ಲಿ ಹಾಡಿದೆ. ಬಳೆ ಬಳೆಯಾಗಿಯೇ ಬಂತು.
ರೆಕಾರ್ಡಿಂಗ್ ಇದೆ. ಕಳಿಸುವುದು ಬೇಡ, ಎದುರು ಕೂತು ಕೇಳಿಸೋಣ ಅಂತ ಇಟ್ಟುಕೊಂಡಿದ್ದೆ.
"ಮಂಡಿ ನೋವಮ್ಮ, ಅಷ್ಟು ದೂರ ಆಗಲ್ಲ" ಅಂದಿರಿ, ಮದುವೆಗೆ ಬರಲಿಲ್ಲ. ನಾನು ಮುನಿಸಿಕೊಂಡಿದ್ದೆ...
ಮಂಡಿ ಅಷ್ಟೇ ಆಗಿರಲಿಲ್ಲವೇನೋ ಸರ್.

ನಾನು ಮದುವೆಗೆಂದು ಊರಿಗೆ ಹೊರಟಾಗ "ಬಂದ್ಮೇಲೆ ಹೊಸ ಬ್ಯಾಚ್ ನೀನೇ ತಗೋ" ಅಂದಿರಿ.
"ನಾನಾ ಸರ್? ಬಾಳೆಕಾಯಿಯವಳಾ?"
"ಅದಕ್ಕೇ ನೀನು. ಎಲ್ಲಿ ತಪ್ಪುತ್ತೆ ಅಂತ ನಿನಗೆ ಗೊತ್ತು."
ನೋಡೋಣ ಸರ್ ಅಂದುಬಿಟ್ಟೆ. ಇನ್ನೂ ಎಷ್ಟೋ ಭಾನುವಾರಗಳಿವೆ ಅನ್ನುವ ಹಾಗೆ...

ಈಗ ಗ್ರೂಪಿನಲ್ಲಿ ಹೊಸ ಬ್ಯಾಚಿನ ಹುಡುಗಿಯೊಬ್ಬಳು ಕೇಳಿದ್ದಾಳೆ. "ಹಾಗಾದ್ರೆ ಇನ್ಮೇಲೆ ಕ್ಲಾಸ್ ಇರಲ್ಲ ಅಲ್ವಾ?"
ಒಂದು ಭಾನುವಾರ ಬಾಗಿಲು ತೆರೆಯದಿದ್ದರೆ ಸಾಕು, ಆ ರೂಮು ಟೈಲರ್ ಅಂಗಡಿಯ ಗೋಡೌನ್ ಆಗುತ್ತದೆ. ರೂಮು ಬಿಟ್ಟುಕೊಡಿ ಅಂತ ಓನರ್ ಆಗಲೇ ಕೇಳುತ್ತಿದ್ದರಂತೆ.

ಬೆಂಗಳೂರಿಗೆ ಹೋಗುತ್ತೇನೆ ಅಂತ ಅತ್ತೆಗೆ ಹೇಳಿದೆ. ಹೊಸ ಮದುಮಗಳು ಸಾವಿನ ಮನೆಗೆ ಹೋಗುವಂತಿಲ್ಲ ಇಲ್ಲಿ.
"ಮೈಮ್ಯಾಲಿನ ಅರಿಷಿಣ ಇನ್ನಾ ಹೋಗಿಲ್ಲ, ಸತ್ತವರ ಮನಿಗಿ ಹೊಂಟಿ ಏನವಾ?"
ಶರಣು ನಡುವೆ ಬಂದ. "ಯವ್ವಾ, ಮಣ್ಣು ಇವತ್ತೇ ಆಗ್ತದ. ಅಕಿ ಹೊಂಟಿದ್ದು ಸಾಲಿಗಿ."
"ಸಾಲಿಯಾಗ ಏನ ಕಲಸ್ತಾಳ?"
"ಹಾಡು ಕಟ್ಟೋದು."
ಅತ್ತೆ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದರು.
"ಹೋಗು. ಖರೆ, ಆ ಮಾಸ್ತರ ಮನಿ ಹೊಸ್ತಿಲಾ ತುಳೀಬ್ಯಾಡ."
ಒಪ್ಪಿಕೊಂಡೆ...

ಆಂಟಿ, ಅಷ್ಟು ಹತ್ತಿರ ಬಂದೂ ನಿಮ್ಮ ಮನೆಗೆ ಬರುವುದಿಲ್ಲ. ನಿಮ್ಮ ಕೈ ಹಿಡಿದು ಕೂರಲೂ ಆಗುವುದಿಲ್ಲ. ಕ್ಷಮಿಸಿ.
ರೂಮಿನ ಕೀಯನ್ನು ಸೆಲ್ವಿ ಅಕ್ಕನ ಹತ್ತಿರ ಕೊಟ್ಟು ಕಳಿಸಿ.

ಹಗುರವಾಗಿ ಹೋಗಿ ಸರ್... ನಿಮ್ಮ ಜೀವಕ್ಕೆ ಇನ್ನು ಯಾವ ನೋವೂ ಮುಟ್ಟದ ಶಾಂತಿ ಸಿಗಲಿ.

ಹೊಸ ಬ್ಯಾಚಿನವರೇ, ಭಾನುವಾರ ಕ್ಲಾಸ್ ಇದೆ.
ನಾನು ಶನಿವಾರ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕಂಟೋನ್ಮೆಂಟ್‌ನಲ್ಲಿ ಇಳಿಯುತ್ತೇನೆ.