ಗೋಳಿಬಜೆ ನಾಲ್ಕು ಗಂಟೆಗೆ

ಮೊನ್ನೆ ಭಾನುವಾರ ಬೊರಿವಲಿಯ ನಮ್ಮ ಮನೆಯಲ್ಲಿ ಜಾಮೂನಿಗೆ ಪಾಕ ಕಾಯುತ್ತಿತ್ತು. ಬಿಸಿ ಸಕ್ಕರೆಯ ವಾಸನೆ, ಅದರ ಬೆನ್ನಿಗೇ ಲಿಂಬೆಯದು. ಮನೆಮಂದಿಗೆಲ್ಲ ಬಾಯಲ್ಲಿ ನೀರೂರಿದರೆ ನನಗೆ ಹಕ್ಕಿಗಳ ಹಿಕ್ಕೆ ನೆನಪಾಯಿತು. ಮುಖ ಸಿಂಡರಿಸಬೇಡಿ, ಕಾರಣವಿದೆ.

ಹನ್ನೆರಡು ವರ್ಷಗಳ ಹಿಂದೆ ನಾನು ಫೋರ್ಟಿನ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಹಾಡುವ ಹಕ್ಕಿಗಳ ಕರುಳಿನಲ್ಲಿ ಕಾಕ್ಸಿಡಿಯಾ ಎಂಬ, ಬರಿಗಣ್ಣಿಗೆ ಕಾಣದ ಪರೋಪಜೀವಿ ಇರುತ್ತದೆ. ಅದರ ಮೊಟ್ಟೆಯಂಥ ಕೋಶಗಳು ಹಿಕ್ಕೆಯ ಜೊತೆ ಹೊರಬೀಳುತ್ತವೆ. ಅವನ್ನು ಹುಡುಕಿ, ಯಾವ ಬಗೆಯವೆಂದು ಗುರುತಿಸುವುದು ನನ್ನ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಬೊರಿವಲಿಯ ಕಾಡಂಚಿನಲ್ಲಿ, ಪರವಾನಗಿ ಪಡೆದೇ, ಬಲೆ ಕಟ್ಟುತ್ತಿದ್ದೆವು. ಪಿಕಳಾರವೋ ಮಡಿವಾಳ ಹಕ್ಕಿಯೋ ಸಿಕ್ಕರೆ ಕಾಗದ ಹಾಸಿದ ಬಟ್ಟೆಚೀಲದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಪಾಪ, ಹೆದರಿ ನನಗೆ ಬೇಕಾದ್ದನ್ನು ಕೊಟ್ಟುಬಿಡುತ್ತಿತ್ತು. ಅದನ್ನು ಹಾರಬಿಟ್ಟು, ಹಿಕ್ಕೆಯನ್ನು ಕಿತ್ತಳೆ ಬಣ್ಣದ ದ್ರಾವಣದ ಸೀಸೆಗೆ ಹಾಕಿ, ಸೀಸೆಯನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಲೋಕಲ್ ರೈಲು ಹತ್ತುತ್ತಿದ್ದೆ. ಪಕ್ಕದ ಹೆಂಗಸರು "ಇಸ್ ಮೇ ಕ್ಯಾ ಹೈ?" ಎಂದರೆ "ಅಚಾರ್", ಉಪ್ಪಿನಕಾಯಿ, ಎನ್ನುತ್ತಿದ್ದೆ. ಒಂದು ದಿನ ಒಬ್ಬಾಕೆ ರುಚಿ ನೋಡಲು ಕೇಳಿಯೇಬಿಟ್ಟಳು. ಅಂದಿನಿಂದ ಔಷಧ ಎನ್ನತೊಡಗಿದೆ.

ಲ್ಯಾಬಿನಲ್ಲಿ ಹಿಕ್ಕೆಯನ್ನು ಸಕ್ಕರೆ ಪಾಕದಲ್ಲಿ ಕಲಕಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಹಗುರಾದ ಕೋಶಗಳು ಮೇಲೆ ತೇಲಿ ಬರುತ್ತವೆ. ಗೈಡ್ ಮೇಡಂ "ಗಟ್ಟಿ ಪಾಕ ಮಾಡಿಕೋ" ಎಂದಿದ್ದರು. ನನಗೆ ಗೊತ್ತಿದ್ದ ಗಟ್ಟಿ ಪಾಕವೆಂದರೆ ಅಮ್ಮ ಲಾಡು ಕಟ್ಟಲು ತೆಗೆಯುವ ಒಂದೆಳೆ ಪಾಕ. ಅದನ್ನೇ ಮಾಡಿದೆ. ಸ್ಲೈಡಿನ ತುಂಬ ಸಕ್ಕರೆ ಹರಳು! ಪಕ್ಕದ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಶೀನಣ್ಣ ಅಂತ ಅಡುಗೆಯವರಿದ್ದರು. ಯಾವುದಕ್ಕೆಂದು ಹೇಳದೆ ಅವರಲ್ಲಿ ಗೋಳು ತೋಡಿಕೊಂಡೆ.

"ಎಳೆ ಬರ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ. ಬೆರಳಿಗೆ ಅಂಟಿದ್ರೆ ಸಾಕು, ಗ್ಯಾಸ್ ಬಂದ್. ಎರಡು ಹನಿ ಲಿಂಬೆ ಹಾಕಿ, ಹರಳು ಕಟ್ಟುದಿಲ್ಲ" ಎಂದರು.

ಕಟ್ಟಲಿಲ್ಲ. ಥ್ಯಾಂಕ್ಸ್ ಹೇಳಲು ಹೋದಾಗ ನಿಜ ಬಾಯಿಬಿಟ್ಟೆ. "ಶ್ಶೀ! ನನ್ನ ಪಾಕಕ್ಕೆ ಹಿಕ್ಕೆಯಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದವರು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಗಿರಾಕಿಗಳೆದುರಿಗೇ ನನ್ನನ್ನು "ಹಿಕ್ಕೆ ಡಾಕ್ಟ್ರು" ಎಂದು ಕರೆಯತೊಡಗಿದರು. ನಾನಿನ್ನೂ ಡಾಕ್ಟರಾಗಿರಲಿಲ್ಲ. ಆಗುವ ಲಕ್ಷಣವೂ ಇರಲಿಲ್ಲ ಅನ್ನಿ.

ಏಕೆಂದರೆ ಪಾಕ ಸರಿಯಾದರೂ ಸ್ಲೈಡು ಖಾಲಿ. ಒಂದಲ್ಲ, ಎರಡಲ್ಲ, ಮೂರು ತಿಂಗಳು ಖಾಲಿ. ಬೊರಿವಲಿಯ ಹಕ್ಕಿಗಳಿಗೆ ಈ ರೋಗವೇ ಇಲ್ಲವೆಂದು ಬರೆದುಬಿಡೋಣ ಎಂದುಕೊಂಡೆ. ಮೇಡಂ ಒಪ್ಪಲಿಲ್ಲ. ತಿಂಗಳೊಳಗೆ ಒಂದಾದರೂ ಕೋಶ ತೋರಿಸು, ಇಲ್ಲದಿದ್ದರೆ ವಿಷಯ ಬದಲಿಸು ಎಂದರು. ಓದು, ಪರವಾನಗಿ, ತಯಾರಿ ಎಲ್ಲ ಸೇರಿ ಎರಡು ವರ್ಷದ ದುಡಿಮೆ ನೀರುಪಾಲು! ಅಂದು ಬೆಳಿಗ್ಗೆ ಹತ್ತೂವರೆಗೆ ಹೋಟೆಲಿಗೆ ಹೋಗಿ, ಶೀನಣ್ಣನಿಗೆ ಖಾಲಿ ಸ್ಲೈಡಿನ ಕತೆಯೆಲ್ಲ ಹೇಳಿ, ಮೈದಾಹಿಟ್ಟಿನ ದುಂಡು ಬಜ್ಜಿ ಗೋಳಿಬಜೆ ಕೇಳಿದೆ. ಇಲ್ಲ ಎಂದರು. "ನಿಮ್ಮಲ್ಲಿ ಯಾವಾಗ ಕೇಳಿದ್ರೂ ಇಲ್ಲ!" ಎಂದು ಸಿಡುಕಿದೆ.

"ಇಲ್ಲ ಅಂತ ಅಲ್ಲ ಡಾಕ್ಟ್ರೇ. ಗೋಳಿಬಜೆ ನಾಲ್ಕು ಗಂಟೆಗೆ. ನೀವು ಬೆಳಿಗ್ಗೆ ಬಂದು ನೋಡಿ, ಈ ಹೋಟೆಲಲ್ಲಿ ಗೋಳಿಬಜೆಯೇ ಮಾಡುದಿಲ್ಲ ಅಂತ ಊರಿಡೀ ಹೇಳಿದ್ರೆ ಹೇಗೆ?" ಎಂದ ಶೀನಣ್ಣ ನಗುತ್ತ ಸೇರಿಸಿದರು, "ನಿಮ್ಮ ಹಕ್ಕಿದ್ದು ಸಹ ಹಾಗೇ ಉಂಟೋ ಏನೋ."

"ಹಕ್ಕಿ ಎಂತ ಹೋಟೆಲಾ? ನಿಮಗೆ ಎಂತ ಗೊತ್ತಾಗ್ತದೆ ಇದೆಲ್ಲ?"

ನಾಲ್ಕು ಟೇಬಲಿಗೆ ಕೇಳುವಂತೆ ಹೇಳಿಬಿಟ್ಟೆ. ಶೀನಣ್ಣನ ಮುಖದ ನಗು ಹೋಯಿತು. ಟೇಬಲ್ ಒರೆಸಿ ಒಳಗೆ ನಡೆದರು.

ಸಂಜೆ ಲೋಕಲಿನಲ್ಲಿ ನಿಂತಿದ್ದಾಗ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಮೂರು ತಿಂಗಳಲ್ಲಿ ಒಂದು ದಿನವಾದರೂ ಮಧ್ಯಾಹ್ನದ ಹಿಕ್ಕೆ ನೋಡಿದ್ದೆನೆ? ಇಲ್ಲ. ಮರುದಿನ ನಾಲ್ಕು ಗಂಟೆಗೆ ಬಲೆ ಕಟ್ಟಿಸಿದೆ. ಅದರ ಮರುದಿನ ಸ್ಲೈಡಿಗೆ ಕಣ್ಣಿಟ್ಟೆ. ಅಬ್ಬಾ! ದುಂಡಗಿನ, ಗಾಜಿನಂಥ ಕೋಶಗಳು, ಎಲ್ಲಿ ನೋಡಿದರಲ್ಲಿ. ಕೆಲವು ದಿನ ಬಿಟ್ಟು ಅವು ಬಲಿತ ಮೇಲೆ ನೋಡಿದರೆ, ಪ್ರತಿ ಕೋಶದೊಳಗೆ ಎರಡು ಚೀಲ, ಚೀಲಕ್ಕೆ ನಾಲ್ಕರಂತೆ ಏಲಕ್ಕಿ ಬಾಳೆಯಂತೆ ಬಾಗಿದ ಮರಿಗಳು. ಕೋಳಿಗಳಲ್ಲಿ ಕಾಣುವ ಬಗೆಯಾದರೆ ನಾಲ್ಕು ಚೀಲ, ಚೀಲಕ್ಕೆ ಎರಡು. ಇದು ಐಸೋಸ್ಪೋರಾ, ಹಾಡುಹಕ್ಕಿಗಳದ್ದೇ. ಸೂಕ್ಷ್ಮದರ್ಶಕದ ಮೇಲೇ ಅತ್ತುಬಿಟ್ಟೆ. ಈ ಜೀವಿ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೇ ಹೊರಬರುತ್ತದೆಂದು ನಾನು ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದ ಹಳೆಯ ಲೇಖನವೊಂದರಲ್ಲೇ ಇತ್ತು. ಜೆರಾಕ್ಸ್ ಮಾಡಿಸಿದ್ದೆ, ಓದಿರಲಿಲ್ಲ.

ಪ್ರಬಂಧದಲ್ಲಿ ಎಲ್ಲರನ್ನೂ ನೆನೆದೆ, ಲೈಬ್ರರಿಯ ಫ್ಯಾನು ರಿಪೇರಿ ಮಾಡಿದವನನ್ನೂ. ಶೀನಣ್ಣನ ಹೆಸರು ಬರೆಯಲಿಲ್ಲ. ಗೋಳಿಬಜೆಯ ಉಪಕಾರ ಎಂದರೆ ಪರೀಕ್ಷಕರು ನಕ್ಕಾರು ಎಂಬ ನಾಚಿಕೆ. ಅಂದಿನ ಮಾತಿನ ನಾಚಿಕೆ ಅದಕ್ಕಿಂತ ದೊಡ್ಡದು. ಆ ಹೋಟೆಲಿನ ಮೆಟ್ಟಿಲು ಮತ್ತೆ ಹತ್ತಲೇ ಇಲ್ಲ.

ಪಾಕದ ವಾಸನೆ ಬಂದ ಮರುದಿನವೇ ಫೋರ್ಟಿಗೆ ಹೋದೆ. ತಲೆ ಪೂರ್ತಿ ನರೆತ ಶೀನಣ್ಣ ಈಗ ಕೌಂಟರಿನಲ್ಲಿ ಕೂರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ "ಓ! ಹಿಕ್ಕೆ ಡಾಕ್ಟ್ರು!" ಎಂದರು. ಮೊಬೈಲಿನಲ್ಲಿ ಆ ಕೋಶದ ಫೋಟೋ ತೋರಿಸಿದೆ.

"ಇದು ನಿಮ್ಮಿಂದ ಸಿಕ್ಕಿದ್ದು ಶೀನಣ್ಣ. ಹಕ್ಕಿದ್ದೂ ನಾಲ್ಕು ಗಂಟೆಗೇ ಆಗಿತ್ತು. ಅವತ್ತು ಹಾಗೆ ಮಾತಾಡಿದ್ದು ನನ್ನ ತಪ್ಪು."

ಅವರು ಕನ್ನಡಕ ಏರಿಸಿ ಎಣಿಸಿದರು. "ಎರಡು ಚೀಲ... ಇದ್ರಲ್ಲಿ ನಾಲ್ಕು, ಅದ್ರಲ್ಲಿ ನಾಲ್ಕು. ಅಯ್ಯೋ ಮಾರಾಯ್ರೆ, ಪ್ಲೇಟಿಗೆ ನಾಲ್ಕರ ಹಾಗೆ ಎರಡು ಪ್ಲೇಟ್ ಗೋಳಿಬಜೆ!" ಫೋಟೋವನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಅಡುಗೆಮನೆಯತ್ತ ತಿರುಗಿ ಕೂಗಿದರು, "ಡಾಕ್ಟ್ರಿಗೆ ಈಗಲೇ ಒಂದು ಪ್ಲೇಟ್ ಬಿಡಿ!"

ಹಿಟ್ಟು ಈಗಷ್ಟೇ ಕಲಸಿದ್ದು, ಇನ್ನೂ ಹುಳಿ ಬರಬೇಕು ಎಂದು ಒಳಗಿನಿಂದ ಉತ್ತರ ಬಂತು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

"ಬೇಡ ಶೀನಣ್ಣ, ನಾಲ್ಕು ಗಂಟೆಗೇ ಕೊಡಿ" ಎಂದು ಕುರ್ಚಿ ಎಳೆದು ಕುಳಿತೆ.